ಚೀಟಿಯ ಹಿಂಬದಿಯಲ್ಲಿ ಬರೆದ ಔಷಧ

ಕಳೆದ ವರ್ಷ ನಮ್ಮ ಮನೆ ಎದುರು ಒಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ಯಾದಗಿರಿ ಕಡೆಯಿಂದ ಗುಳೆ ಬಂದಿದ್ದ ಏಳೆಂಟು ಕುಟುಂಬಗಳು ಸೈಟಿನ ಮೂಲೆಯಲ್ಲೇ ಶೀಟ್ ಮನೆ ಹಾಕಿಕೊಂಡಿದ್ದವು. ಅದರಲ್ಲೊಬ್ಬಾಕೆ, ವಯಸ್ಸು ಮೂವತ್ತೂ ಆಗಿರಲಿಕ್ಕಿಲ್ಲ, ನಮ್ಮ ಗೇಟಿನ ಪಕ್ಕದ ನಲ್ಲಿಗೆ ನೀರು ಹಿಡಿಯಲು ಬರುತ್ತಿದ್ದಳು. ಬಂದಾಗಲೆಲ್ಲ ಕೆಮ್ಮು. ಸಿಮೆಂಟ್ ಧೂಳು ಅಂತ ಆಕೆ ಅಂದುಕೊಂಡಿದ್ದಳು, ನಾನೂ ಹಾಗೇ ಅಂದುಕೊಂಡೆ. ಮೂರು ವಾರ ಕಳೆದರೂ ನಿಲ್ಲಲಿಲ್ಲ. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಫ ಪರೀಕ್ಷೆ ಆಯಿತು, ಎಕ್ಸ್‌ರೇ ಆಯಿತು. ಟಿಬಿ.

ಆಸ್ಪತ್ರೆ ಬಗ್ಗೆ ನನ್ನದೇನೂ ದೂರಿಲ್ಲ. ಸ್ವಲ್ಪ ಕಾಯಬೇಕಾಯಿತು, ಅಷ್ಟೇ. ಡಾಕ್ಟರು ಸಮಾಧಾನವಾಗಿ ಮಾತಾಡಿಸಿದರು. ಪರೀಕ್ಷೆಗೆ ಒಂದು ರೂಪಾಯಿ ಕೇಳಲಿಲ್ಲ. ಆರು ತಿಂಗಳ ಮಾತ್ರೆ ಪೂರ್ತಿ ಫ್ರೀ. ಮೂತ್ರ ಕೆಂಪಗೆ ಹೋಗುತ್ತೆ, ಹೆದರಬೇಡ, ಅದು ಮಾತ್ರೆಯ ಬಣ್ಣ ಅಂತ ನರ್ಸ್ ಮೊದಲೇ ಹೇಳಿದರು. (ಈ ಒಂದು ಮಾತು ಯಾರೂ ಹೇಳದೆ, ರಕ್ತ ಹೋಗುತ್ತಿದೆ ಅಂತ ಹೆದರಿ ಮಾತ್ರೆ ಬಿಟ್ಟವರು ಎಷ್ಟು ಜನರೋ.) ಕೊನೆಗೆ ಚೀಟಿಯ ಹಿಂಬದಿಯಲ್ಲಿ ನಾಲ್ಕು ಸಾಲು ಬರೆದುಕೊಟ್ಟರು. ದಿನಾ ಮೊಟ್ಟೆ, ಹಾಲು, ಬೇಳೆ. ಗಾಳಿ ಬೆಳಕು ಇರುವ ಕೋಣೆಯಲ್ಲಿ ಬೇರೆ ಮಲಗಬೇಕು. ಭಾರದ ಕೆಲಸ ಬೇಡ. ಚೆನ್ನಾಗಿ ಊಟ ಮಾಡಿ.

ಆಕೆಗೆ ಓದು ಬರುವುದಿಲ್ಲ. ಆಟೋದಲ್ಲಿ ನಾನೇ ಓದಿ ಹೇಳಿದೆ. ಓದುತ್ತಾ ನನಗೇ ನಾಚಿಕೆಯಾಯಿತು. ಹತ್ತಡಿಗೆ ಹತ್ತಡಿ ಶೀಟ್ ಮನೆ, ಕಿಟಕಿ ಇಲ್ಲ, ಒಳಗೆ ಗಂಡ, ಇಬ್ಬರು ಮಕ್ಕಳು, ಆಕೆ. ಬೇರೆ ಕೋಣೆ ಎಲ್ಲಿಂದ ಬರಬೇಕು? ತಲೆ ಮೇಲೆ ಇಟ್ಟಿಗೆ ಹೊರುವುದೇ ಆಕೆಯ ಕೆಲಸ, ಭಾರ ಬೇಡ ಅಂದರೆ ಕೂಲಿಯೇ ಬೇಡ ಅಂದ ಹಾಗೆ. ತೂಕದ ಮಿಷನ್ ಮೇಲೆ ನಿಂತಾಗ ಬಂದಿದ್ದು 36 ಕಿಲೋ. ಪೂರ್ತಿ ಕೇಳಿಸಿಕೊಂಡು ಆಕೆ ಒಂದೇ ಮಾತು ಅಂದಳು: "ಅಕ್ಕಾ, ಮಕ್ಕಳ ಮುಂದ ಕುಂತು ನಾ ಒಬ್ಬಾಕಿ ತತ್ತಿ ತಿನ್ನಾಕ ಆಗ್ತದೇನ್ರೀ?"

ವೈದ್ಯಕೀಯ ನೀತಿ ಅಂದರೆ ನಾವು ಏನು ಅಂದುಕೊಂಡಿದ್ದೇವೆ? ರೋಗಿಯ ಒಪ್ಪಿಗೆ ಕೇಳಬೇಕು. ಗುಟ್ಟು ಕಾಪಾಡಬೇಕು. ಕೇಡು ಮಾಡಬಾರದು. ಜಾತಿ, ದುಡ್ಡು ನೋಡಿ ಭೇದ ಮಾಡಬಾರದು. ಎಲ್ಲ ಸರಿಯೇ, ಬೇಕಾದದ್ದೇ. ಆ ಡಾಕ್ಟರು ಇದರಲ್ಲಿ ಒಂದನ್ನೂ ತಪ್ಪಿಸಲಿಲ್ಲ. ಆದರೂ ಆ ಚೀಟಿಯ ಮುಂಬದಿಯಲ್ಲಿ ಬರೆದದ್ದಷ್ಟೇ ಆಕೆಗೆ ಸಿಕ್ಕಿತು. ಹಿಂಬದಿಯದ್ದು ಸಿಗಲಿಲ್ಲ. ಮುಂಬದಿಯದ್ದಕ್ಕೆ ಸರ್ಕಾರ ಜವಾಬ್ದಾರಿ, ಹಿಂಬದಿಯದ್ದಕ್ಕೆ ಆಕೆಯೇ ಜವಾಬ್ದಾರಿ. ಪಾಲಿಸಲು ಆಗುವುದೇ ಇಲ್ಲ ಅಂತ ಗೊತ್ತಿರುವ ಸಲಹೆ ಬರೆದುಕೊಟ್ಟು, ನಾಳೆ ಕಾಯಿಲೆ ವಾಸಿಯಾಗದಿದ್ದರೆ "ಹೇಳಿದ್ದು ಕೇಳಲಿಲ್ಲ" ಅನ್ನುವುದು ಯಾವ ನೀತಿ? ಆರೋಗ್ಯದ ಹಕ್ಕು ಅಂತ ನಾವು ಜೋರಾಗಿ ಮಾತಾಡುವಾಗೆಲ್ಲ ಮಾತು ಬೆಡ್ಡು, ಔಷಧ, ಆಂಬುಲೆನ್ಸಿನ ಹತ್ತಿರ ಬಂದು ನಿಂತುಬಿಡುತ್ತದೆ. ತಟ್ಟೆಯ ತನಕ ಬರುವುದೇ ಇಲ್ಲ.

ಹಾಗೆ ನೋಡಿದರೆ ಇದು ಹೊಸ ವಿಚಾರ ಅಲ್ಲ. 1848ರಲ್ಲಿ ಈಗಿನ ಪೋಲೆಂಡಿನಲ್ಲಿರುವ ಅಪ್ಪರ್ ಸೈಲೀಷಿಯಾದಲ್ಲಿ ಟೈಫಸ್ ಜ್ವರ ಹಬ್ಬಿದಾಗ ಸರ್ಕಾರ ರುಡಾಲ್ಫ್ ವಿರ್ಚೋ ಅನ್ನುವ ಯುವ ಡಾಕ್ಟರನ್ನು ಕಳಿಸಿತು. ಔಷಧದ ಪಟ್ಟಿ ತರುತ್ತಾನೆ ಅಂದುಕೊಂಡಿದ್ದರು. ಆತ ವಾಪಸ್ ಬಂದು ಕೊಟ್ಟ ವರದಿಯಲ್ಲಿ ಜನರಿಗೆ ಪ್ರಜಾಪ್ರಭುತ್ವ ಕೊಡಿ, ಶಾಲೆ ಕೊಡಿ, ರಸ್ತೆ ಕೊಡಿ, ತೆರಿಗೆಯ ಭಾರ ಬಡವರ ಮೇಲಿಂದ ಇಳಿಸಿ ಅಂತ ಇತ್ತು. ಟಿಬಿಯ ಕಥೆಯೂ ಹೀಗೇ. ರಾಬರ್ಟ್ ಕಾಕ್ ಟಿಬಿ ರೋಗಾಣುವನ್ನು ಕಂಡುಹಿಡಿದೆ ಅಂತ ಘೋಷಿಸಿದ್ದು 1882ರ ಮಾರ್ಚ್ 24ರಂದು. ಅದಕ್ಕೆ ಸರಿಯಾದ ಮೊದಲ ಔಷಧ ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ. ಆದರೆ ಇಂಗ್ಲೆಂಡಿನಲ್ಲಿ ಟಿಬಿ ಸಾವು ಆ ಔಷಧ ಬರುವ ಹೊತ್ತಿಗಾಗಲೇ ಅರ್ಧಕ್ಕಿಂತ ಜಾಸ್ತಿ ಇಳಿದುಬಿಟ್ಟಿತ್ತು. ಇದಕ್ಕೆ ಊಟವೇ ಮುಖ್ಯ ಕಾರಣ ಅಂತ ಥಾಮಸ್ ಮೆಕ್ಯೂನ್ ಅನ್ನುವ ಬ್ರಿಟಿಷ್ ವೈದ್ಯ ವಾದಿಸಿದ. ಊಟವೋ, ಮನೆಯೋ, ಊರಿನ ನೈರ್ಮಲ್ಯವೋ ಅಂತ ಪಂಡಿತರು ಇವತ್ತಿಗೂ ಜಗಳ ಆಡುತ್ತಾರೆ. ಆಡಲಿ. ಆ ಇಳಿಕೆ ಶುರುವಾದಾಗ ಮಾತ್ರೆ ಇನ್ನೂ ಹುಟ್ಟಿರಲಿಲ್ಲ ಅನ್ನುವುದರಲ್ಲಿ ಜಗಳವಿಲ್ಲ.

ನಮ್ಮ ಕಡೆ ಬಂದರೆ ಕಥೆ ಇನ್ನೂ ಸ್ವಾರಸ್ಯ. ಟಿಬಿ ಅರಮನೆಯನ್ನೂ ಬಿಟ್ಟಿರಲಿಲ್ಲ. ಮೈಸೂರಿನ ಪಿಕೆಟಿಬಿ ಆಸ್ಪತ್ರೆ ಗೊತ್ತಲ್ವಾ, ಅದು ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನದು. ಅವರು ತೀರಿಕೊಂಡದ್ದು ಇದೇ ಕಾಯಿಲೆಯಿಂದ. ಆಗ ಔಷಧ ಇರಲಿಲ್ಲ, ಹಾಗಾಗಿ ಉಳ್ಳವರಿಗೆ ಸ್ಯಾನಟೋರಿಯಂ: ಒಳ್ಳೆ ಗಾಳಿ, ಒಳ್ಳೆ ಊಟ, ವಿಶ್ರಾಂತಿ. ನಮ್ಮ ಡಾಕ್ಟರು ಚೀಟಿಯ ಹಿಂದೆ ಬರೆದ ನಾಲ್ಕು ಸಾಲು ಇದೆಯಲ್ಲ, ಅದು ಆ ಸ್ಯಾನಟೋರಿಯಂನ ದಿನಚರಿಯೇ. ಸ್ಯಾನಟೋರಿಯಂ ಹೋಯಿತು, ಅದರ ದಿನಚರಿ ಮಾತ್ರ ಉಳಿದು ಶೀಟ್ ಮನೆಗೆ ಬಂತು.

ಸ್ಯಾನಟೋರಿಯಂ ಹೋದದ್ದು ಯಾಕೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1956ರಲ್ಲಿ ಮದ್ರಾಸಿನಲ್ಲಿ ಟಿಬಿ ಔಷಧಗಳನ್ನು ಪರೀಕ್ಷಿಸುವ ಒಂದು ಕೇಂದ್ರ ಶುರುವಾಯಿತು. ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಟೋರಿಯಂನಲ್ಲಿ ಇಟ್ಟು ಮಾತ್ರೆ ಕೊಟ್ಟರು. ಇನ್ನು ಕೆಲವರಿಗೆ ಅವರ ಇಕ್ಕಟ್ಟಿನ ಮನೆಗಳಲ್ಲೇ, ಅವರು ತಿನ್ನುವ ಅರೆಹೊಟ್ಟೆ ಊಟದ ಮೇಲೇ ಅದೇ ಮಾತ್ರೆ ಕೊಟ್ಟರು. ವರ್ಷ ಕಳೆದ ಮೇಲೆ ನೋಡಿದರೆ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಫಲಿತಾಂಶ. 1959ರಲ್ಲಿ ಇದು ಪ್ರಕಟವಾದಾಗ ಇಡೀ ಜಗತ್ತು ತಿರುಗಿ ನೋಡಿತು. ಮನೆಯಲ್ಲೇ ವಾಸಿ ಮಾಡಬಹುದು! ಬಡವರಿಗೆ ಇದು ಎಂಥ ದೊಡ್ಡ ಬಿಡುಗಡೆ ಅಂತ ಯೋಚಿಸಿ, ಮನೆಮಠ ಬಿಟ್ಟು ವರ್ಷಗಟ್ಟಲೆ ದೂರದ ಆಸ್ಪತ್ರೆಯಲ್ಲಿ ಮಲಗುವ ಕಷ್ಟ ತಪ್ಪಿತು. ಆದರೆ ಇದೇ ಒಳ್ಳೆ ಅಧ್ಯಯನದಿಂದ ಒಂದು ಕೆಟ್ಟ ಪಾಠವನ್ನೂ ಕಲಿತುಬಿಟ್ಟರು. ಮಾತ್ರೆ ಇದ್ದರೆ ಸಾಕು, ಊಟ ಅಷ್ಟೇನೂ ಮುಖ್ಯ ಅಲ್ಲ. ಮಾತ್ರೆಯಿಂದ ರೋಗಾಣು ಸಾಯುತ್ತದೆ, ನಿಜ. ಆದರೆ 36 ಕಿಲೋದ ಮೈ ಆ ಆರು ತಿಂಗಳು ದಾಟುತ್ತದಾ, ದಾಟಿದ ಮೇಲೆ ಮತ್ತೆ ಕಾಯಿಲೆ ಬರುತ್ತದಾ, ಪಕ್ಕದಲ್ಲೇ ಮಲಗುವ ಮಗುವಿಗೆ ಬರುತ್ತದಾ ಅನ್ನುವುದು ಬೇರೆ ಪ್ರಶ್ನೆ. ಆ ಪ್ರಶ್ನೆ ಹಲವು ದಶಕ ಮೂಲೆಗೆ ಬಿತ್ತು.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. ಏರ್‌ಪೋರ್ಟಿಗೆ ಹೋಗುವಾಗ ಬೋರ್ಡ್ ನೋಡಿ ಮುಂದೆ ಹೋಗಿರುತ್ತೀರಿ. ಆ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಟಿಬಿ ಇದ್ದವರನ್ನು ಹುಡುಕಿ ಮಾತಾಡಿಸಿದರು. 1963ರಲ್ಲಿ ಅದು ಪ್ರಕಟವಾಯಿತು. ಹಳ್ಳಿ ಜನಕ್ಕೆ ತಿಳಿವಳಿಕೆ ಇಲ್ಲ, ಮೂಢನಂಬಿಕೆ ಜಾಸ್ತಿ, ಅದಕ್ಕೇ ಆಸ್ಪತ್ರೆಗೆ ಬರುವುದಿಲ್ಲ ಅಂತ ಎಲ್ಲರೂ ನಂಬಿದ್ದ ಕಾಲ ಅದು. ಕಂಡದ್ದು ಉಲ್ಟಾ. ತಮಗೆ ಏನೋ ಆಗಿದೆ ಅಂತ ಹೆಚ್ಚು ಕಡಿಮೆ ಎಲ್ಲರಿಗೂ ಗೊತ್ತಿತ್ತು. ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿ ಬಂದಿದ್ದರು, ಕೆಮ್ಮಿನ ಔಷಧ ಇಸಿದುಕೊಂಡು ವಾಪಸ್ ಹೋಗಿದ್ದರು. ಅಂದರೆ ತಪ್ಪು ಎಲ್ಲಿತ್ತು? ಅರವತ್ತು ವರ್ಷ ಕಳೆದರೂ ನಮ್ಮ ಆರೋಗ್ಯ ಭಾಷಣಗಳಲ್ಲಿ "ಅರಿವು ಮೂಡಿಸಬೇಕು" ಅನ್ನುವ ಮಾತು ಮಾತ್ರ ಕಡಿಮೆಯಾಗಿಲ್ಲ.

ಇಷ್ಟಾದ ಮೇಲೆ ಊಟದ ಪ್ರಶ್ನೆ ಮತ್ತೆ ಎದ್ದದ್ದು ತೀರಾ ಇತ್ತೀಚೆಗೆ. ಛತ್ತೀಸಗಢದ ಹಳ್ಳಿಗಾಡಿನಲ್ಲಿ ಚಿಕಿತ್ಸೆಗೆ ಬಂದ 1,695 ಟಿಬಿ ರೋಗಿಗಳ ತೂಕದ ಲೆಕ್ಕ 2013ರಲ್ಲಿ ಪ್ರಕಟವಾಯಿತು. ಗಂಡಸರ ನಡುತೂಕ 42 ಕಿಲೋ, ಹೆಂಗಸರದ್ದು 34 ಕಿಲೋ. ದೊಡ್ಡವರ ತೂಕ ಇದು, ಮಕ್ಕಳದ್ದಲ್ಲ. ಆಮೇಲೆ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ತಮ್ಮ ತಂಡದ ಜೊತೆ ಝಾರ್ಖಂಡಿನಲ್ಲಿ ಒಂದು ದೊಡ್ಡ ಪ್ರಯೋಗ ಮಾಡಿದರು. ರೇಷನ್ಸ್ ಅಂತ ಅದರ ಹೆಸರು. 2,800 ರೋಗಿಗಳು, ಅವರ ಮನೆಯವರು 10,345 ಜನ. ರೋಗಿಗೆ ತಿಂಗಳಿಗೆ ಅಕ್ಕಿ, ಹುರಿಗಡಲೆ ಹಿಟ್ಟು, ಹಾಲಿನ ಪುಡಿ, ಎಣ್ಣೆ ಸೇರಿ ಹತ್ತು ಕಿಲೋದಷ್ಟು ಚೀಲ. ಮನೆಯವರಿಗೆ ತಲಾ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ. ಜೊತೆಗೆ ವಿಟಮಿನ್ ಮಾತ್ರೆ. ಅಷ್ಟೇ. ಯಾವ ಅಂಗಡಿಯಲ್ಲೂ ಸಿಗುವ ಸಾಮಾನು.

2023ರ ಆಗಸ್ಟಿನಲ್ಲಿ ಫಲಿತಾಂಶ ಬಂತು. ರೇಷನ್ ಸಿಕ್ಕ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಶೇ 39ರಷ್ಟು ಕಡಿಮೆಯಾಗಿತ್ತು, ಅದರಲ್ಲೂ ಹರಡುವಂಥ ಶ್ವಾಸಕೋಶದ ಟಿಬಿ ಶೇ 48ರಷ್ಟು ಕಡಿಮೆ. ಮೊದಲ ಎರಡು ತಿಂಗಳಲ್ಲಿ ಮೈತೂಕ ಶೇ 5ರಷ್ಟು ಏರಿದ ರೋಗಿಗಳಲ್ಲಿ ಸಾವಿನ ಅಪಾಯ ಶೇ 61ರಷ್ಟು ಇಳಿದಿತ್ತು. 36 ಕಿಲೋದವಳಿಗೆ ಶೇ 5 ಅಂದರೆ ಎಷ್ಟು? ಎರಡು ಕಿಲೋವೂ ಇಲ್ಲ. ಯಾವುದಾದರೂ ಕಂಪನಿ ಮನೆಯವರಿಗೆ ಟಿಬಿ ಬರುವುದನ್ನು ಅರ್ಧಕ್ಕೆ ಇಳಿಸುವ ಇಂಜೆಕ್ಷನ್ ಕಂಡುಹಿಡಿದಿದ್ದರೆ ವಾರಗಟ್ಟಲೆ ಟಿವಿಯಲ್ಲಿ ಅದೇ ಸುದ್ದಿ ಇರುತ್ತಿತ್ತು. ಇದು ಅಕ್ಕಿ ಬೇಳೆ ನೋಡಿ, ಸುದ್ದಿ ಒಂದು ದಿನಕ್ಕೆ ಮುಗಿಯಿತು.

ಆ ಪ್ರಯೋಗದಲ್ಲೇ ಒಂದು ನೀತಿಯ ಪ್ರಶ್ನೆ ಇತ್ತು, ನನಗೆ ಅದು ತುಂಬಾ ಮುಖ್ಯ ಅನ್ನಿಸುತ್ತದೆ. ಸಾಮಾನ್ಯವಾಗಿ ಇಂಥ ಪ್ರಯೋಗದಲ್ಲಿ ಒಂದು ಗುಂಪಿಗೆ ಕೊಡುತ್ತಾರೆ, ಇನ್ನೊಂದಕ್ಕೆ ಕೊಡುವುದಿಲ್ಲ. ಆದರೆ ಎಲುಬು ಕಾಣುವ ಟಿಬಿ ರೋಗಿಗೆ "ನೀನು ಊಟ ಇಲ್ಲದ ಗುಂಪು" ಅಂತ ಹೇಳುವುದು ಹೇಗೆ? ಹಾಗಾಗಿ ಎರಡೂ ಗುಂಪಿನ ರೋಗಿಗಳಿಗೆಲ್ಲ ಚೀಲ ಕೊಟ್ಟರು, ಮನೆಯವರ ರೇಷನ್ನಿನಲ್ಲಿ ಮಾತ್ರ ವ್ಯತ್ಯಾಸ ಇಟ್ಟರು. ಆ ವ್ಯತ್ಯಾಸವೂ ಕಸಿವಿಸಿ ಹುಟ್ಟಿಸುವುದೇ, ಇಲ್ಲ ಅನ್ನುವುದಿಲ್ಲ. ಹಸಿದವರಿಗೆ ಊಟ ಬೇಕು ಅಂತ ಸಾಬೀತು ಮಾಡಲು ಹತ್ತು ಸಾವಿರ ಜನರ ಲೆಕ್ಕ ಬೇಕಾಯಿತಾ ಅಂತ ಯಾರಾದರೂ ಕೇಳಬಹುದು. ಬೇಕಾಯಿತು. ಯಾಕೆಂದರೆ ಊಟ ನಮ್ಮ ಲೆಕ್ಕದಲ್ಲಿ "ಚಿಕಿತ್ಸೆ" ಅಲ್ಲ. ಚಿಕಿತ್ಸೆ ಅಂತ ಆಗಬೇಕಾದರೆ ಅದೂ ಮಾತ್ರೆಯ ಹಾಗೆ ಪರೀಕ್ಷೆ ಪಾಸು ಮಾಡಬೇಕು. ಈಗ ಪಾಸು ಮಾಡಿದೆ. ಇನ್ನೇನು ನೆಪ?

ಕಾನೂನಿನ ಕಡೆ ಒಮ್ಮೆ ನೋಡೋಣ. ನಮ್ಮ ಸಂವಿಧಾನದಲ್ಲಿ ಆರೋಗ್ಯದ ಹಕ್ಕು ಅಂತ ನೇರವಾಗಿ ಬರೆದಿಲ್ಲ. 21ನೇ ವಿಧಿಯ ಜೀವಿಸುವ ಹಕ್ಕಿನೊಳಗೆ ಅದು ಇದೆ ಅಂತ ಕೋರ್ಟುಗಳು ಹೇಳುತ್ತಾ ಬಂದಿವೆ. ರೈಲಿನಿಂದ ಬಿದ್ದ ಕೂಲಿಯೊಬ್ಬರನ್ನು ಕೋಲ್ಕತ್ತದ ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಬೆಡ್ ಇಲ್ಲ ಅಂತ ವಾಪಸ್ ಕಳಿಸಿದ ಕೇಸಿನಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ಕೊಡಿಸಿತು. 2017ರಲ್ಲಿ ಪಟ್ನಾದ 18 ವರ್ಷದ ಹುಡುಗಿಗೆ, ಮಾತ್ರೆಗಳಿಗೆ ಬಗ್ಗದ ಟಿಬಿ ಇದ್ದವಳಿಗೆ, ದೆಹಲಿಯಲ್ಲಿ ಬೆಡಾಕ್ವಿಲಿನ್ ಅನ್ನುವ ಟಿಬಿ ಔಷಧ ಕೊಡಲು ನೀನು ಈ ಊರಿನವಳಲ್ಲ ಅಂತ ನಿರಾಕರಿಸಿದಾಗ ಅಪ್ಪ ಹೈಕೋರ್ಟಿಗೆ ಹೋಗಿ ಔಷಧ ಪಡೆಯಬೇಕಾಯಿತು. ಮರುವರ್ಷ ಆಕೆ ತೀರಿಕೊಂಡಳು. 2023ರಲ್ಲಿ ರಾಜಸ್ಥಾನ ಆರೋಗ್ಯದ ಹಕ್ಕು ಅಂತಲೇ ಕಾಯ್ದೆ ಮಾಡಿತು, ಅಲ್ಲಿಯೂ ಗಲಾಟೆ ಎದ್ದದ್ದು ತುರ್ತು ಚಿಕಿತ್ಸೆಯ ದುಡ್ಡು ಯಾರು ಕೊಡಬೇಕು ಅಂತ. ಬೆಡ್ಡು, ಔಷಧ, ತುರ್ತು. ಮತ್ತೆ ಅದೇ ಚೀಟಿಯ ಮುಂಬದಿ.

ಹಿಂಬದಿಗೆ ಸಂಬಂಧಿಸಿದ ದೊಡ್ಡ ಕೇಸ್ ಒಂದು ಇದೆ, ಆದರೆ ಅದನ್ನು ಯಾರೂ ಆರೋಗ್ಯದ ಕೇಸ್ ಅನ್ನುವುದಿಲ್ಲ. 2001ರಲ್ಲಿ ಪಿಯುಸಿಎಲ್ ಅನ್ನುವ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಗಿ, ಗೋದಾಮು ತುಂಬ ಧಾನ್ಯ ಇದೆ, ರಾಜಸ್ಥಾನದಲ್ಲಿ ಬರ, ಜನ ಹಸಿದಿದ್ದಾರೆ, ಇದು ಹೇಗೆ ಅಂತ ಕೇಳಿತು. ಶಾಲೆಯಲ್ಲಿ ಬಿಸಿಯೂಟ ಕೊಡಲೇಬೇಕು ಅಂತ ಆದೇಶ ಬಂದದ್ದು ಅದೇ ಕೇಸಿನಲ್ಲಿ. 2013ರ ಆಹಾರ ಭದ್ರತಾ ಕಾಯ್ದೆಗೂ ಅದೇ ದಾರಿ ಮಾಡಿಕೊಟ್ಟಿತು. ನನ್ನ ಕೇಳಿದರೆ, ಈ ದೇಶದಲ್ಲಿ ಟಿಬಿ ವಿರುದ್ಧ ನಡೆದ ದೊಡ್ಡ ಕೆಲಸಗಳಲ್ಲಿ ಅದೂ ಒಂದು. ಆದರೆ ಫೈಲು ಆಹಾರ ಇಲಾಖೆಯದ್ದು, ಟಿಬಿ ಫೈಲು ಆರೋಗ್ಯ ಇಲಾಖೆಯದ್ದು. ಮಧ್ಯೆ ಕಾರಿಡಾರ್ ದೊಡ್ಡದು.

ಈಗ ಸರ್ಕಾರ ಏನೂ ಮಾಡುತ್ತಿಲ್ಲ ಅಂತಲ್ಲ. ಟಿಬಿ ರೋಗಿಯ ಊಟಕ್ಕೆ ಅಂತ ದುಡ್ಡು ಕೊಡುವ ನಿಕ್ಷಯ್ ಪೋಷಣ್ ಯೋಜನೆ 2018ರಿಂದ ಇದೆ. ಮೊದಲು ತಿಂಗಳಿಗೆ 500 ರೂಪಾಯಿ, 2024ರ ನವೆಂಬರಿನಿಂದ 1,000. ಮೂರು ಮೂರು ಸಾವಿರದ ಎರಡು ಕಂತಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ದಿನಕ್ಕೆ 33 ರೂಪಾಯಿ. ಎರಡು ಮೊಟ್ಟೆ, ಒಂದು ಲೋಟ ಹಾಲು, ಮುಗಿಯಿತು. ಅದೂ ರೋಗಿಗೆ ಮಾತ್ರ. ಮನೆಯವರಿಗೆ? ಅದಕ್ಕೆ ನಿಕ್ಷಯ್ ಮಿತ್ರ ಅಂತ ಇದೆ. ಯಾರಾದರೂ ದಾನಿ, ಕಂಪನಿ, ಸಂಘ ಮುಂದೆ ಬಂದು ರೋಗಿಯನ್ನು "ದತ್ತು" ತೆಗೆದುಕೊಂಡು ಆಹಾರದ ಕಿಟ್ ಕೊಡಬೇಕು. ಶುರುವಿನಲ್ಲಿ ರೋಗಿಗಷ್ಟೇ ಇತ್ತು, ಈಗ ಮನೆಯವರಿಗೂ ಕೊಡಬಹುದು ಅಂತ ಮಾಡಿದ್ದಾರೆ. ದಾನ ಮಾಡುವವರ ಮನಸ್ಸು ದೊಡ್ಡದು, ನಾನು ಗೇಲಿ ಮಾಡುತ್ತಿಲ್ಲ. ಆದರೆ ಯೋಚಿಸಿ ನೋಡಿ, ಐಸೋನಿಯಾಜಿಡ್ ಅನ್ನುವ ಟಿಬಿ ಮಾತ್ರೆಗೆ ದಾನಿ ಹುಡುಕುತ್ತೇವಾ? ಇವತ್ತು ಮಿತ್ರ ಸಿಗಲಿಲ್ಲ, ನಾಳೆ ಬಾ ಅಂತ ರೋಗಿಗೆ ಹೇಳುತ್ತೇವಾ? ಮಾತ್ರೆ ಹಕ್ಕಿನ ಬಾಗಿಲಲ್ಲಿ ಬರುತ್ತದೆ, ಅಕ್ಕಿ ಬೇಳೆ ದಾನದ ಬಾಗಿಲಲ್ಲಿ ಬರುತ್ತದೆ. ಕಿಟ್ ಕೊಡುವಾಗ ಫೋಟೋ ಬೇರೆ. ಟಿಬಿ ಅಂದರೆ ಬಾಡಿಗೆ ಮನೆ ಬಿಡಿಸುವ, ಮದುವೆ ಮುರಿಯುವ ಊರುಗಳಲ್ಲಿ ಆ ಫೋಟೋದ ಅರ್ಥ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ರೋಗಿಯ ಗುಟ್ಟು ಕಾಪಾಡಬೇಕು ಅನ್ನುವ ಹಳೇ ನೀತಿಯೂ ಅಲ್ಲಿ ಹೋಯಿತು.

"ಎಲ್ಲದಕ್ಕೂ ಬಡತನ ಅಂದುಬಿಟ್ಟರೆ ಡಾಕ್ಟರ್ ಏನು ಮಾಡಬೇಕು? ಕೂಲಿ ಏರಿಸಲಾ, ಮನೆ ಕಟ್ಟಿಸಲಾ?" ಅಂತ ಒಬ್ಬ ಡಾಕ್ಟರ್ ಸ್ನೇಹಿತ ನನ್ನನ್ನು ಕೇಳಿದ. ನ್ಯಾಯವಾದ ಪ್ರಶ್ನೆ. ಟಿಬಿಗೆ ಸಕ್ಕರೆ ಕಾಯಿಲೆ, ಬೀಡಿ, ಕುಡಿತ, ಎಚ್‌ಐವಿ ಎಲ್ಲವೂ ದಾರಿ ಮಾಡುತ್ತವೆ, ಊಟವೊಂದೇ ಅಲ್ಲ ಅಂತಲೂ ಹೇಳಿದ. ಅದೂ ನಿಜ, ಆದರೆ ನಮ್ಮ ದೇಶದಲ್ಲಿ ಆ ಪಟ್ಟಿಯ ಮೊದಲ ಹೆಸರು ಅಪೌಷ್ಟಿಕತೆಯದ್ದೇ. ಇನ್ನು ಡಾಕ್ಟರ್ ಏನು ಮಾಡಬಹುದು ಅಂದರೆ, ಪಕ್ಕದ ತಮಿಳುನಾಡು 2022ರಿಂದ ಒಂದು ಸರಳ ಕೆಲಸ ಮಾಡುತ್ತಿದೆ. ಟಿಬಿ ಅಂತ ಗೊತ್ತಾದ ಕೂಡಲೇ ತೂಕ ಎತ್ತರ ನೋಡುತ್ತಾರೆ, ಕಾಲು ಊದಿದೆಯಾ, ಉಸಿರು ಹೇಗಿದೆ, ಆಸರೆ ಇಲ್ಲದೆ ಎದ್ದು ನಿಲ್ಲುತ್ತಾರಾ ಅಂತ ನೋಡುತ್ತಾರೆ. ತೀರಾ ಸೊರಗಿದವರನ್ನು ಮಾತ್ರೆ ಕೊಟ್ಟು ಮನೆಗೆ ಕಳಿಸುವುದಿಲ್ಲ, ದಾಖಲು ಮಾಡಿಕೊಂಡು ಊಟ ಕೊಟ್ಟು ಚೇತರಿಸುತ್ತಾರೆ. ಇದಕ್ಕೆ ಹೊಸ ಔಷಧ ಬೇಕಾಗಿಲ್ಲ. ತೂಕದ ಮಿಷನ್ ಬೇಕು, ಆ ಸಂಖ್ಯೆ ನೋಡಿದ ಮೇಲೆ ಏನಾದರೂ ಮಾಡುವ ಅಧಿಕಾರ ಡಾಕ್ಟರಿಗೆ ಇರಬೇಕು. ರೇಷನ್ ಅಂಗಡಿಗೆ ಸಲ್ಲುವ ಚೀಟಿ ಬರೆಯುವ ಅಧಿಕಾರ ಕೊಡಿ. ಮನೆಯವರಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಅಂದರೆ ಇವತ್ತಿನ ಅಂಗಡಿ ರೇಟಿನಲ್ಲೂ ತಲಾ ಐನೂರು ರೂಪಾಯಿಯ ಆಸುಪಾಸು. ಅನ್ನಭಾಗ್ಯ ಇರುವ ರಾಜ್ಯಕ್ಕೆ ಇದರ ವ್ಯವಸ್ಥೆ ಹೊಸದಾಗಿ ಕಟ್ಟಬೇಕಾಗಿಲ್ಲ, ಅಂಗಡಿ ಇದೆ, ಮಿಷನ್ ಇದೆ, ಲಾರಿ ಓಡುತ್ತಿದೆ.

ದುಡ್ಡಿಲ್ಲ ಅನ್ನುವವರಿಗೆ ಇನ್ನೊಂದು ಮಾತು. ನಮ್ಮ ಎದುರಿನ ಆ ಅಪಾರ್ಟ್‌ಮೆಂಟಿನಂಥ ಕಟ್ಟಡಗಳ ಖರ್ಚಿನ ಮೇಲೆ ಕಾಯ್ದೆ ಪ್ರಕಾರ ಕನಿಷ್ಠ ಶೇ 1ರಷ್ಟು ಸೆಸ್, ಅಂದರೆ ವಿಶೇಷ ತೆರಿಗೆ, ವಸೂಲಾಗುತ್ತದೆ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಅಂತಲೇ ಮೀಸಲಾದ ದುಡ್ಡು, ಅದಕ್ಕೊಂದು ಮಂಡಳಿಯೂ ಇದೆ. ಆದರೆ ಕಾರ್ಡ್ ಬೇಕಾದರೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದಾಖಲೆ ತೋರಿಸಬೇಕು. ಮೂರು ತಿಂಗಳು ಇಲ್ಲಿ, ಎರಡು ತಿಂಗಳು ಅಲ್ಲಿ ಅಂತ ಮೇಸ್ತ್ರಿ ಹಿಂದೆ ಸುತ್ತುವವಳಿಗೆ ದಾಖಲೆ ಕೊಡುವವರು ಯಾರು? ಆಕೆ ಹೊತ್ತ ಇಟ್ಟಿಗೆಯ ಲೆಕ್ಕದಲ್ಲಿ ಸೆಸ್ ಕಟ್ಟಿಯಾಯಿತು, ಆಕೆಯ ಹೆಸರು ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ. ರೇಷನ್ ಕಾರ್ಡ್ ಊರಲ್ಲಿ, ಅತ್ತೆಯ ಹತ್ತಿರ. ಅಲ್ಲಿ ಅದರ ಮೇಲೆ ಇನ್ನೂ ಮೂರು ಜನ ಉಣ್ಣುತ್ತಾರೆ, ಇಲ್ಲಿ ಅಕ್ಕಿ ಎತ್ತಿದರೆ ಅಲ್ಲಿ ಕಡಿಮೆ.

2025ಕ್ಕೆ ಟಿಬಿ ಮುಕ್ತ ಭಾರತ ಅಂತ 2018ರಲ್ಲಿ ಘೋಷಣೆಯಾಗಿತ್ತು. 2015ರಲ್ಲಿ ಲಕ್ಷಕ್ಕೆ 237 ಇದ್ದ ಹೊಸ ಪ್ರಕರಣ 2023ಕ್ಕೆ 195ಕ್ಕೆ ಇಳಿದಿತ್ತು. ಇಳಿದಿದೆ, ಸುಳ್ಳಲ್ಲ. ಆದರೆ ಗುರಿ ಇದ್ದದ್ದು ಐದರಲ್ಲಿ ನಾಲ್ಕು ಪಾಲು ಇಳಿಸುವುದು. ಈ ಅಂತರವನ್ನು ಇನ್ನಷ್ಟು ಎಕ್ಸ್‌ರೇ ಮಿಷನ್ ಇಟ್ಟು ಮುಚ್ಚಬಹುದು ಅಂತ ನನಗೆ ಅನ್ನಿಸುವುದಿಲ್ಲ.

ಮಾತ್ರೆ ಮಧ್ಯದಲ್ಲಿ ಬಿಟ್ಟವರನ್ನು ಮೊದಲು "ಡಿಫಾಲ್ಟರ್" ಅನ್ನುತ್ತಿದ್ದರು, ಸಾಲ ಕಟ್ಟದವರನ್ನು ಕರೆದ ಹಾಗೆ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಆ ಪದ ತೆಗೆಯಿತು, ಆದರೂ ಆಸ್ಪತ್ರೆಗಳಲ್ಲಿ ಬಾಯಿಗೆ ಅದೇ ಬರುತ್ತದೆ. ಯಾಕೆ ಬಿಡುತ್ತಾರೆ ಅಂತ ಕೇಳಿದರೆ ಬರುವ ಉತ್ತರಗಳಲ್ಲಿ ಒಂದು ನನ್ನ ನಿದ್ದೆ ಕೆಡಿಸಿದೆ. ಟಿಬಿ ಹಸಿವನ್ನು ಕೊಲ್ಲುತ್ತದೆ. ಮಾತ್ರೆ ಹಿಡಿಯಲು ಶುರುವಾದ ಮೇಲೆ ಸತ್ತ ಹಸಿವು ಮತ್ತೆ ಎದ್ದು ಕೂರುತ್ತದೆ, ವಿಪರೀತ ಹಸಿವು. ಮನೆಯಲ್ಲಿ ತಿನ್ನಲು ಇದ್ದರೆ ಅದು ಒಳ್ಳೆ ಲಕ್ಷಣ. ಇಲ್ಲದಿದ್ದರೆ ಅದೇ ಹಿಂಸೆ, ಆ ಹಿಂಸೆ ತಾಳದೆ ಮಾತ್ರೆ ನಿಲ್ಲಿಸುವವರಿದ್ದಾರೆ.

ಎರಡು ತಿಂಗಳಾದ ಮೇಲೆ ಸೈಟ್ ಕೆಲಸ ಮುಗಿಯಿತು, ಅವರು ಊರಿಗೆ ಹೋದರು. ಫೈಲನ್ನು ಅಲ್ಲಿನ ಆಸ್ಪತ್ರೆಗೆ ವರ್ಗಾಯಿಸಲು ಎರಡು ಸಲ ಓಡಾಡಿದೆವು, ಆಯಿತು. ಹದಿನೈದು ದಿನ ಬಿಟ್ಟು ಫೋನ್ ಮಾಡಿದೆ. ಗುಳಿಗಿ ಸಿಗುತ್ತಿದೆ ಅಂದಳು, ಆಶಾ ಕಾರ್ಯಕರ್ತೆ ಮನೆಗೇ ತಂದುಕೊಡುತ್ತಾಳಂತೆ. ತೂಕ 37 ಆಗಿದೆಯಂತೆ. "ಭಾಳ ಹಸಿವಾಗಾಕತ್ತೈತ್ರೀ ಅಕ್ಕಾ" ಅಂತ ನಕ್ಕಳು. ಸರ್ಕಾರದ ದುಡ್ಡು ಖಾತೆಗೆ ಬಂತಾ ಅಂತ ಕೇಳಿದೆ.

"ಬಂತ್ರೀ, ಮೂರು ಸಾವಿರ ಒಮ್ಮೆಗೇ ಬಂತು. ಮೇಸ್ತ್ರಿ ಕಡೆ ಮುಂಗಡ ತಗೊಂಡಿದ್ವಲ್ರೀ, ಅದಕ್ಕ ಹೋತು."